ನಿಮಗಿದು ಗೊತ್ತೆ? ಅಲ್ಟ್ರಾಸೌಂಡ್ ಚಿತ್ರಗಳಿಂದ ಹುಟ್ಟಿದ ಕ್ಯೂಟಿ

ವಿಂಡೋಸ್ ಅಥವಾ ಲಿನಕ್ಸ್ ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್ ತೆರೆದಾಗ ಕಾಣುವ ಗುಂಡಿ, ಮೆನುಗಳನ್ನು ರೂಪಿಸಿರುವುದು 'ಕ್ಯೂಟಿ' ಎಂಬ ಟೂಲ್‌ಕಿಟ್. ಇದರ ಮೂಲ ಇರುವುದು ವೈದ್ಯಕೀಯ ಕ್ಷೇತ್ರದಲ್ಲಿ! 1990ರಲ್ಲಿ ನಾರ್ವೆಯ ಹಾವರ್ಡ್ ನಾರ್ಡ್ ಮತ್ತು ಐರಿಕ್ ಚಾಂಬೆ-ಎಂಗ್ ಅಲ್ಟ್ರಾಸೌಂಡ್ ಚಿತ್ರಗಳನ್ನು ಸಂಗ್ರಹಿಸಿಡುವ ತಂತ್ರಾಂಶ ಬರೆಯುತ್ತಿದ್ದರು. ಅದು ಯುನಿಕ್ಸ್, ಮ್ಯಾಕಿಂಟಾಷ್, ವಿಂಡೋಸ್ ಮೂರರಲ್ಲೂ ನಡೆಯಬೇಕಿತ್ತು. ಒಂದೇ ಪರದೆಯನ್ನು ಮೂರು ಸಲ ಬರೆಯುವ ಗೋಳು ಯಾರಿಗೆ ಬೇಕು? ಒಮ್ಮೆ ಬರೆದರೆ ಎಲ್ಲೆಡೆ ಓಡುವ ಟೂಲ್‌ಕಿಟ್ಟನ್ನೇ ಕಟ್ಟಲು ಇಬ್ಬರೂ ಹೊರಟರು. 1995ರ ಮೇ ತಿಂಗಳಲ್ಲಿ ಅದು ಹೊರಬಂತು.

ಇದರ ನಿಜವಾದ ಜಾಣ್ಮೆ 'ಸಿಗ್ನಲ್' ಮತ್ತು 'ಸ್ಲಾಟ್' ಏರ್ಪಾಟಿನಲ್ಲಿದೆ. ಒತ್ತಿದ ಗುಂಡಿ ಸಿಗ್ನಲ್ ಹೊರಡಿಸಿ ಸುಮ್ಮನಾಗುತ್ತದೆ. ಅದಕ್ಕೆ ಜೋಡಿಸಿದ ಸ್ಲಾಟ್ ಎಂಬ ಕೋಡ್ ತುಣುಕು ಕೆಲಸ ಮಾಡುತ್ತದೆ. ಕೇಳಿಸಿಕೊಳ್ಳುವವರು ಯಾರೆಂಬುದು ಗುಂಡಿಗೆ ಗೊತ್ತಿರಬೇಕಿಲ್ಲ. ಹಾಗಾಗಿ ಒಂದನ್ನು ಬದಲಿಸಿದರೆ ಇನ್ನೊಂದು ಕೆಡುವ ಭಯ ಕಡಿಮೆ. 1996ರಲ್ಲಿ ಆರಂಭವಾದ, ಲಿನಕ್ಸ್‌ನಲ್ಲಿ ಬಳಕೆಯಾಗುವ ಕೆಡಿಇ ಡೆಸ್ಕ್‌ಟಾಪ್ ಕೂಡ ಕ್ಯೂಟಿಯನ್ನೇ ಆಧರಿಸಿದೆ.