ಒಬ್ಬಂಟಿಯಾಗಿ ಮತ್ತೆ ಸಹ್ಯಾದ್ರಿಗೆ

ಉದ್ಯೋಗವನ್ನರಸಿ ಮುಂಬಯಿಗೆ ಬಂದ ಕನ್ನಡಿಗನಿಗೆ ಸಹ್ಯಾದ್ರಿಯು ಅಪರಿಚಿತ ಪರ್ವತವಲ್ಲ. ಊರಿನಲ್ಲಿ ಆತನು ‘ಘಟ್ಟ’ವೆಂದು ಕರೆಯುತ್ತಿದ್ದ ಕುದುರೆಮುಖ, ಆಗುಂಬೆ, ಕೊಡಚಾದ್ರಿಗಳ ಸಾಲೇ ಉತ್ತರಕ್ಕೆ ಸಾಗಿ ಕರ್ಜತ್, ಖಂಡಾಲಗಳ ಬೆನ್ನಿಗೆ ಗೋಡೆಯಂತೆ ನಿಂತಿದೆ. ಯೌವನದಲ್ಲಿ ಗೆಳೆಯರ ಗುಂಪಿನೊಡನೆ ರಾಜಮಾಚಿಗೋ ಮಾಥೇರಾನಿಗೋ ಹೋಗಿಬಂದವರ ಮನಸ್ಸು, ಮಕ್ಕಳು ದೊಡ್ಡವರಾಗಿ ಸಂಸಾರದ ಭಾರ ಕೊಂಚ ಇಳಿದ ಮೇಲೆ, ಪುನಃ ಆ ಕಡೆಗೆ ಸೆಳೆಯುವುದು ಸಹಜವೇ. ಹಳೆಯ ಗೆಳೆಯರಲ್ಲಿ ಕೆಲವರು ಊರು ಸೇರಿರುತ್ತಾರೆ. ಕೆಲವರ ಮಂಡಿ ಸೋತಿರುತ್ತದೆ. ಕೊನೆಗೆ ಒಬ್ಬರೇ ಹೊರಡುತ್ತಾರೆ. ಈಚೆಗೆ ಸ್ತ್ರೀಯರೂ ಹೀಗೆ ಹೊರಡುವುದುಂಟು. ಹೊರಡಬಾರದೆಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ವರ್ಷವಿಡೀ ಕಳೆದವರಿಗೆ ಒಂದು ದಿನದ ಏಕಾಂತ ನಡಿಗೆಯಷ್ಟು ಹಿತವಾದ ಔಷಧ ದುರ್ಲಭ. ಆದರೆ ‘ನೋಡಿದ ಜಾಗವೇ ಅಲ್ಲವೆ’ ಎಂಬ ಧೈರ್ಯವಿದೆಯಲ್ಲ, ಅದು ಎಷ್ಟರಮಟ್ಟಿಗೆ ನಂಬತಕ್ಕದ್ದು ಎಂಬುದನ್ನು ಶರೀರಶಾಸ್ತ್ರದ ದೃಷ್ಟಿಯಿಂದ ವಿಚಾರಿಸಬೇಕಾಗಿದೆ.

ರಾಜಮಾಚಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಶ್ರೀವರ್ಧನ ಮತ್ತು ಮನರಂಜನವೆಂಬ ಎರಡು ಕೋಟೆಶಿಖರಗಳು, ಅವುಗಳ ಬುಡದಲ್ಲಿ ಉಧೇವಾಡಿ ಎಂಬ ಪುಟ್ಟ ಹಳ್ಳಿ, ನಡುವಣ ಇಳುಕಲಿನಲ್ಲಿ ಭೈರವನ ಗುಡಿ. ಇಲ್ಲಿಗೆ ದಾರಿಗಳು ಎರಡು. ಲೋಣಾವಳದಿಂದ ಬರುವುದು ಸುಮಾರು 15 ಕಿಲೋಮೀಟರು ಉದ್ದದ, ಹೆಚ್ಚು ಏರಿಳಿತವಿಲ್ಲದ ದಾರಿ. ಕರ್ಜತ್ತಿನ ಕಡೆಯಿಂದ, ಕೊಂಡಿವಡೆ ಗ್ರಾಮದ ಮೂಲಕ ಕೊಂಡಾಣೆಯ ಪ್ರಾಚೀನ ಬೌದ್ಧ ಗುಹೆಗಳನ್ನು ದಾಟಿ ಬರುವುದು ಕಡಿದಾದ ಏರು. ಶ್ರೀವರ್ಧನದ ನೆತ್ತಿ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಕರ್ಜತ್ತಿನ ಬಯಲಾದರೋ ಸಮುದ್ರಮಟ್ಟಕ್ಕಿಂತ ಅಷ್ಟೇನೂ ಮೇಲಿಲ್ಲ. ಎಂದರೆ ಈ ದಾರಿಯಲ್ಲಿ ಬರುವವನು ಒಂದು ಬೆಳಗಿನಲ್ಲಿ ಸುಮಾರು 800 ಮೀಟರು ಏರಬೇಕು.

ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಒಂದು ಸರಳ ಲೆಕ್ಕವನ್ನು ಹಾಕಿಕೊಟ್ಟ. ಸಮತಟ್ಟಿನಲ್ಲಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರು ಏರಿಗೆ ಇನ್ನೊಂದು ಗಂಟೆ. ಇದು ತಂಪು ದೇಶದ ಗಟ್ಟಿ ಆಳಿನ ಲೆಕ್ಕ. ಕೊಂಕಣದ ಬಿಸಿಲಿನಲ್ಲಿ, ವಾರವೆಲ್ಲ ಕುರ್ಚಿಯಲ್ಲಿ ಕುಳಿತವರು ಇದನ್ನು ಇಮ್ಮಡಿಗೊಳಿಸಿಕೊಳ್ಳುವುದೇ ಕ್ಷೇಮವೆಂದು ನಮ್ಮ ಅಭಿಪ್ರಾಯ. ‘ಅಂದು ಮೂರು ಗಂಟೆಯಲ್ಲಿ ಏರಿದ್ದೆ’ ಎಂಬ ನೆನಪು ಇಂದಿನ ಕಾಲಮಾಪಕವಾಗಲಾರದು. ಶರೀರವು ದುಡಿಮೆಯ ವೇಳೆ ಬಳಸಿಕೊಳ್ಳಬಲ್ಲ ಆಮ್ಲಜನಕದ ಗರಿಷ್ಠ ಪ್ರಮಾಣ, ಮೂವತ್ತರ ಅನಂತರ, ವ್ಯಾಯಾಮವಿಲ್ಲದವರಲ್ಲಿ ದಶಕಕ್ಕೆ ಸುಮಾರು ನೂರಕ್ಕೆ ಹತ್ತರಂತೆ ಇಳಿಯುತ್ತ ಹೋಗುತ್ತದೆ. ಹೃದಯದ ಗರಿಷ್ಠ ಬಡಿತವನ್ನು 220ರಿಂದ ವಯಸ್ಸನ್ನು ಕಳೆದು ಸ್ಥೂಲವಾಗಿ ತಿಳಿಯುವ ಪದ್ಧತಿಯಿದೆ. ಇಪ್ಪತ್ತೈದರಲ್ಲಿ ನಿಮಿಷಕ್ಕೆ 195 ಇದ್ದದ್ದು ಐವತ್ತೈದರಲ್ಲಿ 165ಕ್ಕೆ ಇಳಿದಿರುತ್ತದೆ. ಬೆಟ್ಟ ಕಿಂಚಿತ್ತೂ ತಗ್ಗಿರುವುದಿಲ್ಲ. ಏರುವವನ ಬಂಡವಾಳ ಮಾತ್ರ ಕರಗಿರುತ್ತದೆ.

ಋತುವಿನ ವಿಷಯವೂ ಹೀಗೆಯೇ. ಮುಂಗಾರಿನ ಮುನ್ನ ಮಿಂಚುಹುಳಗಳ ಬೆಳಕಿನಲ್ಲಿ ನೋಡಿದ ರಾಜಮಾಚಿಯ ದಾರಿಗೂ ಜುಲೈ ತಿಂಗಳಿನಲ್ಲಿ ತೊರೆಗಳು ಅಡ್ಡ ಹರಿಯುವ ದಾರಿಗೂ ಹೆಸರೊಂದನ್ನು ಬಿಟ್ಟರೆ ಸಾಮ್ಯವಿಲ್ಲ. ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ, ಮೇಲೆಲ್ಲೋ ಸುರಿದ ಮಳೆಯಿಂದ, ಮಧ್ಯಾಹ್ನ ಸೊಂಟದೆತ್ತರಕ್ಕೆ ಬರುವುದುಂಟು. 2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಹಿಂಭಾಗದ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಹೀಗೆ ಹಠಾತ್ತನೆ ಏರಿದ ನೀರಿನಲ್ಲಿ ಕೊಚ್ಚಿಹೋದುದನ್ನು ಮುಂಬಯಿಯ ಜನ ಮರೆತಿರಲಾರರು. ಮಳೆ ನಿಂತ ಮೇಲಿನ ಅಕ್ಟೋಬರಿನ ಬಿಸಿಲಾದರೋ ಇನ್ನೊಂದು ಬಗೆಯ ಶತ್ರು.

ಇನ್ನು ಜೊತೆಗಾರರ ಮಾತು. ಗುಂಪಿನಲ್ಲಿ ಹೋದಾಗ ಜೊತೆಗಾರನು ಹರಟೆಗಾಗಿ, ಬುತ್ತಿ ಹಂಚಿಕೊಳ್ಳುವುದಕ್ಕಾಗಿ ಇದ್ದಾನೆಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಆತನು ನಮಗರಿವಿಲ್ಲದಂತೆ ವೈದ್ಯನ ಕೆಲಸವನ್ನು ಮಾಡುತ್ತಿರುತ್ತಾನೆ. ‘ಯಾಕೋ ಮುಖ ಬಾಡಿದೆ, ಸ್ವಲ್ಪ ಕೂತ್ಕೊ’ ಎಂದು ಆತನು ಹೇಳುವ ಮಾತು ಸಾಮಾನ್ಯದ್ದಲ್ಲ. ಬಿಸಿಲಿನ ಬಳಲಿಕೆ, ನೀರಿನ ಕೊರತೆ, ರಕ್ತದಲ್ಲಿ ಸಕ್ಕರೆ ಕುಸಿಯುವುದು, ಈ ಮೂರೂ ಮೊದಲು ತಾಕುವುದು ಮಿದುಳಿಗೆ. ಕಾಲು ಸೋಲುವುದಕ್ಕೆ ಮುಂಚೆ ವಿವೇಕ ಮಂಕಾಗುತ್ತದೆ. ಕಾರಣವಿಲ್ಲದೆ ಸಿಡುಕು ಬರುತ್ತದೆ, ಹೆಜ್ಜೆ ತಡವರಿಸುತ್ತದೆ, ಮಾತು ತೊದಲುತ್ತದೆ, ‘ಇನ್ನು ಸ್ವಲ್ಪ ದೂರ ತಾನೆ’ ಎಂಬ ಹಟ ಹುಟ್ಟುತ್ತದೆ. ಯಾವ ಬುದ್ಧಿ ಈ ಲಕ್ಷಣಗಳನ್ನು ಗುರುತಿಸಬೇಕೋ ಆ ಬುದ್ಧಿಯೇ ಕೆಟ್ಟಿರುವುದರಿಂದ ರೋಗಿಗೆ ತಾನು ರೋಗಿಯೆಂದು ತಿಳಿಯುವುದಿಲ್ಲ. ಶರೀರದ ಒಳಗಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿ ಗೊಂದಲ ತಲೆದೋರಿದರೆ ಅದು ಪ್ರಾಣಾಂತಿಕ. ಅಂಥವರ ಚರ್ಮ ಒಣಗಿರಲೇಬೇಕೆಂಬ ನಂಬಿಕೆ ತಪ್ಪು. ನಡೆದು ದಣಿದವರಲ್ಲಿ ಬೆವರು ಹರಿಯುತ್ತಿರುವಾಗಲೂ ಈ ಆಘಾತ ಸಂಭವಿಸುತ್ತದೆ.

ಆದುದರಿಂದ ಒಬ್ಬಂಟಿಗನು ಬೆಟ್ಟದ ಮೇಲೆ ಮಾಡಬೇಕಾದ ನಿರ್ಧಾರಗಳನ್ನು ಮನೆಯಲ್ಲೇ ಮಾಡಿ ಹೊರಡಬೇಕು. ಶಿಖರ ಸಿಕ್ಕಲಿ ಬಿಡಲಿ, ಮಧ್ಯಾಹ್ನ ಇಷ್ಟು ಗಂಟೆಗೆ ಹಿಂದಿರುಗತಕ್ಕದ್ದು ಎಂದು ಗೊತ್ತುಮಾಡಿ ಮನೆಯವರ ಕೈಯಲ್ಲಿ ಬರೆದಿಟ್ಟು ಬರಬೇಕು. ಯಾವ ದಾರಿಯಿಂದ ಏರಿ ಯಾವ ದಾರಿಯಿಂದ ಇಳಿಯುವುದೆಂಬುದೂ ಅದರಲ್ಲಿರಲಿ. ಬಾಯಾರಿಕೆಯನ್ನು ಕಾಯದೆ ಗಡಿಯಾರ ನೋಡಿ ನೀರು ಕುಡಿಯಬೇಕು. ಏರಿನಲ್ಲಿ ಮಾತನಾಡಲು ಉಸಿರು ಸಾಲದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಮಾತಿಗೆ ಜೊತೆಯಿಲ್ಲದವರು ಒಂದು ದಾಸರ ಪದದ ಪಲ್ಲವಿಯನ್ನು ಒಂದೇ ಉಸಿರಿಗೆ ಹೇಳಿಕೊಂಡು ನೋಡಬಹುದು. ಅರ್ಧದಲ್ಲಿ ಕಡಿದರೆ ನಿಲ್ಲಬೇಕು. ದಾರಿಯ ಹಳ್ಳಿಯಲ್ಲಿ ಚಹಾ ಕುಡಿಯುವಾಗ ನಾಲ್ಕು ಮಾತಾಡಿ, ಹೋಗುವ ಕಡೆಯನ್ನು ತಿಳಿಸಿ ಹೋಗುವುದೂ ಒಂದು ಬಗೆಯ ವಿಮೆಯೇ. 112 ಮತ್ತು 108ರ ತುರ್ತು ಸೇವೆಗಳಿವೆಯಾದರೂ ಕಣಿವೆಯ ಒಳಗೆ ಫೋನಿನ ಸಂಕೇತ ಸಿಕ್ಕುವ ಭರವಸೆಯಿಲ್ಲ.

ಏರು ಹತ್ತುವಾಗ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗುವುದು ಅಸಾಧಾರಣವಲ್ಲ. ಬೆವರಿನೊಡನೆ ಲವಣವೂ ಹೋಗುವುದರಿಂದ ಬರಿಯ ನೀರನ್ನೇ ಮಿತಿಮೀರಿ ಕುಡಿದರೂ ರಕ್ತದ ಸೋಡಿಯಂ ತೆಳುವಾಗಿ ತಲೆನೋವು, ವಾಕರಿಕೆ ಉಂಟಾಗಬಹುದು. 1971ರ ಬಾಂಗ್ಲಾ ಯುದ್ಧದ ವೇಳೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನೊಬಿಸ್ ಅವರು ಉಪ್ಪು-ಸಕ್ಕರೆಯ ದ್ರಾವಣದಿಂದ ಕಾಲರಾ ರೋಗಿಗಳ ಪ್ರಾಣ ಉಳಿಸಿದ ತತ್ತ್ವವೇ ಇಲ್ಲಿಯೂ ಉಪಯುಕ್ತ. ಒಂದು ಲೀಟರು ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು, ಎಲ್ಲವೂ ಮಟ್ಟಸವಾಗಿ. ಉಪ್ಪು ಹಾಕಿದ ನೀರುಮಜ್ಜಿಗೆ ನಮ್ಮವರ ನಾಲಗೆಗೆ ಹೆಚ್ಚು ಒಗ್ಗೀತು.

ಔಷಧ ಸೇವಿಸುತ್ತಿರುವವರು ವಿಶೇಷ ಎಚ್ಚರ ವಹಿಸಬೇಕು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ನುಂಗುವವರಲ್ಲಿ ನೀರಿನ ಕೊರತೆ ಬೇಗ ಕಾಣಿಸಿಕೊಳ್ಳುತ್ತದೆ. ಇನ್ಸುಲಿನ್ ಮತ್ತು ಕೆಲವು ಜಾತಿಯ ಮಧುಮೇಹದ ಗುಳಿಗೆಗಳು ದೀರ್ಘ ನಡಿಗೆಯ ದಿನ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಪ್ರಮಾಣವನ್ನು ವೈದ್ಯರೊಡನೆ ಮೊದಲೇ ಚರ್ಚಿಸಿ, ಬೆಲ್ಲದ ಅಚ್ಚನ್ನೋ ಗ್ಲುಕೋಸನ್ನೋ ಚೀಲದಲ್ಲಲ್ಲ, ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮಧುಮೇಹಿಗಳಲ್ಲಿ ಹೃದಯಾಘಾತವು ಎದೆನೋವಿಲ್ಲದೆ, ಕೇವಲ ಏದುಸಿರು ಮತ್ತು ತಣ್ಣನೆಯ ಬೆವರಿನ ರೂಪದಲ್ಲಿ ಬರಬಹುದಾದ್ದರಿಂದ ‘ಗ್ಯಾಸು’ ಎಂದು ತಳ್ಳಿಹಾಕಿ ಮುಂದೆ ನಡೆಯಕೂಡದು.

ವಿಷಜಂತುಗಳ ಭಯ ಎಲ್ಲರಿಗೂ ಇರುವುದೇ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕೂ ಈ ಸೀಮೆಯಲ್ಲಿವೆ. ಕಚ್ಚಿದ ಜಾಗವನ್ನು ಕೊಯ್ಯುವುದು, ಹೀರುವುದು, ಬಿಗಿಯಾಗಿ ದಾರ ಕಟ್ಟುವುದು ಇವೆಲ್ಲ ತ್ಯಾಜ್ಯ. ಆ ಅಂಗವನ್ನು ಅಲುಗಿಸದಂತೆ ಇರಿಸಿ, ಪ್ರತಿವಿಷ ದೊರೆಯುವ ಸರ್ಕಾರಿ ಆಸ್ಪತ್ರೆಯನ್ನು ತಲಪಬೇಕು. ಒಬ್ಬಂಟಿಗನಿಗೆ ಕಷ್ಟವಾಗುವುದು ಇಲ್ಲಿಯೇ. ಕೆಂಪು ಚೇಳಿನ ಕುಟುಕು ಈ ಕೊಂಕಣದಲ್ಲಿ ಒಂದು ಕಾಲಕ್ಕೆ ಬಹುಮಂದಿಯನ್ನು ಬಲಿತೆಗೆದುಕೊಳ್ಳುತ್ತಿತ್ತು. ರಾಯಗಡದ ತಪ್ಪಲಿನ ಮಹಾಡಿನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಜೋಸಿನ್ ಎಂಬ ರಕ್ತದೊತ್ತಡದ ಔಷಧವನ್ನು ಅದಕ್ಕೆ ಪ್ರಯೋಗಿಸಿ ಆ ಸಾವುಗಳನ್ನು ಬಹುಮಟ್ಟಿಗೆ ತಡೆದರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಹಳ್ಳಿಯ ಜಗಲಿಯಲ್ಲಿ ಮಲಗಿ ಎದ್ದವರು ಬೂಟನ್ನು ಕೊಡವಿ ಹಾಕಿಕೊಳ್ಳುವ ಅಭ್ಯಾಸವನ್ನು ಬಿಡಬಾರದು.

ಒಬ್ಬಂಟಿಯಾಗಿ ಮರಳಿದವರಲ್ಲಿ ಜಗತ್ಪ್ರಸಿದ್ಧನಾದವನು ರೈನ್‌ಹೋಲ್ಡ್ ಮೆಸ್ನರ್. 1978ರಲ್ಲಿ ಪೀಟರ್ ಹಾಬೆಲರನ ಜೊತೆಯಲ್ಲಿ, ಹೊರಗಿನ ಆಮ್ಲಜನಕವಿಲ್ಲದೆ ಎವರೆಸ್ಟನ್ನು ಏರಿದ್ದ ಆತನು 1980ರ ಆಗಸ್ಟ್ 20ರಂದು ಟಿಬೆಟ್ಟಿನ ಕಡೆಯಿಂದ ಏಕಾಂಗಿಯಾಗಿ ಅದೇ ಶಿಖರವನ್ನು ಮುಟ್ಟಿದ. ಆದರೆ ಒಮ್ಮೆ ಏರಿದವನೆಂಬ ಭರವಸೆಯ ಮೇಲೆ ಆತನು ಹೊರಡಲಿಲ್ಲ; ವಾರಗಟ್ಟಲೆ ಟಿಬೆಟ್ಟಿನ ಎತ್ತರದ ನೆಲದಲ್ಲಿ ಓಡಾಡಿ ಶರೀರವನ್ನು ಒಗ್ಗಿಸಿಕೊಂಡು, ಮಳೆಗಾಲದ ನಡುವೆ ಆಕಾಶ ತಿಳಿಯಾಗುವವರೆಗೆ ಕಾದ. ನಮ್ಮ ರಾಜಮಾಚಿಗೆ ಅಷ್ಟೆಲ್ಲ ಬೇಕಿಲ್ಲ. ಹೊರಡುವ ಮುನ್ನ ಆರೆಂಟು ವಾರ ಕಟ್ಟಡದ ಲಿಫ್ಟನ್ನು ತ್ಯಜಿಸಿ ಮೆಟ್ಟಿಲು ಹತ್ತಿ ಇಳಿದರೆ ಸಾಕು. ಇಳಿಯುವುದನ್ನು ಬೇಕೆಂದೇ ಹೇಳಿದ್ದೇವೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಅದರ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ದಣಿದ ಕಾಲು ಒಣ ಮುರಮಣ್ಣಿನ ಮೇಲೆ ಜಾರುವುದೂ ಆಗಲೇ. ಒಂದು ಊರುಗೋಲು ಮಂಡಿಯ ಭಾರವನ್ನು ತಕ್ಕಮಟ್ಟಿಗೆ ಹಂಚಿಕೊಳ್ಳುತ್ತದೆ. ಹತ್ತುವುದು ಕರ್ಜತ್ತಿನ ಕಡೆಯಿಂದಾದರೂ, ಮಂಡಿ ನೋವಿರುವವರು ಇಳಿಯುವುದಕ್ಕೆ ಲೋಣಾವಳದ ಉದ್ದನೆಯ ದಾರಿಯನ್ನೇ ಆರಿಸಿಕೊಳ್ಳಲಿ.

ಮನೆಗೆ ಬಂದ ಮೇಲೆ ಎರಡು ಮೂರು ದಿನ ತೊಡೆ ಬಿಗಿದು ನೋಯುವುದು ಸ್ವಾಭಾವಿಕ; ಹಗುರವಾಗಿ ನಡೆದಾಡುತ್ತಿದ್ದರೆ ತಾನಾಗಿ ಕಳೆಯುತ್ತದೆ. ಆದರೆ ಮೂತ್ರವು ಕಪ್ಪುಚಹಾದ ಬಣ್ಣಕ್ಕೆ ತಿರುಗಿದರೆ ಅಂದೇ ವೈದ್ಯರನ್ನು ಕಾಣಬೇಕು. ಸ್ನಾಯು ಒಡೆದು ಮೂತ್ರಪಿಂಡಕ್ಕೆ ತೊಂದರೆಯಾಗುತ್ತಿರುವ ಸೂಚನೆ ಅದು. ಮಳೆಗಾಲದಲ್ಲಿ ಹಳ್ಳ, ಕೆಸರು ದಾಟಿ ಬಂದವರಿಗೆ ಒಂದೆರಡು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ಅದು ಇಲಿ ಮುಂತಾದ ಪ್ರಾಣಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಇರಬಹುದು. ಬೇಗ ಆರಂಭಿಸಿದರೆ ಸುಲಭದ ಔಷಧಗಳಿಂದಲೇ ಗುಣವಾಗುವ ರೋಗವಿದು. ಬರಿಯ ‘ಜ್ವರ’ವೆಂದಷ್ಟೇ ಹೇಳಿ ಚೀಟಿ ಬರೆಸಿಕೊಂಡು ಬರದೆ, ಯಾವ ದಿನ ಯಾವ ಬೆಟ್ಟಕ್ಕೆ ಹೋಗಿದ್ದೆ, ಎಲ್ಲಿ ನೀರಿಗಿಳಿದಿದ್ದೆ, ಕಾಲಿನಲ್ಲಿ ಗಾಯವಿತ್ತೇ ಎಂಬುದನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು.