ಹಿತ್ತಿಲ ತೋಟದ ಹನಿ ನೀರಾವರಿಯಲ್ಲಿ ಒತ್ತಡದ ಹತೋಟಿ

ಹಿತ್ತಿಲ ತೋಟಕ್ಕೆ ಕೊಳವೆಯ ಮೂಲಕ ಹನಿಹನಿಯಾಗಿ ನೀರೂಡಿಸುವ ಕ್ರಮವು ಈಗ ಅನೇಕ ಗ್ರಾಮಗಳಲ್ಲಿ ಬಳಕೆಗೆ ಬಂದಿರುತ್ತದೆ. ಆದರೆ ಒಂದೇ ಸಾಲಿನಲ್ಲಿ ತೊಟ್ಟಿಯ ಸಮೀಪದ ಬದನೆಯ ಬುಡವು ಕೆಸರಾಗಿ, ಕೊನೆಯ ಗಿಡವು ಬಾಡಿ ನಿಂತಿರುವುದೂ ಅಷ್ಟೇ ಸಾಮಾನ್ಯವಾದ ನೋಟ. ಕೊನೆಯ ಗಿಡವು ಬಾಡಿತೆಂದು ಇನ್ನೊಂದು ಗಂಟೆ ನೀರು ಬಿಟ್ಟರೆ ಮೊದಲಿನ ಗಿಡದ ಬೇರು ಕೊಳೆಯುವುದು. ಕೋಲಾರ, ಚಿಕ್ಕಬಳ್ಳಾಪುರದ ಸೀಮೆಗಳಲ್ಲಿ ೧,೦೦೦ ಅಡಿಗೂ ಮಿಗಿಲಾದ ಆಳದಿಂದ ನೀರೆತ್ತಬೇಕಾಗಿರುವ ಕಾಲದಲ್ಲಿ ಈ ನಷ್ಟವನ್ನು ಅಲ್ಪವೆಂದು ಎಣಿಸತಕ್ಕದ್ದಲ್ಲ. ಇದಕ್ಕೆ ಬಹುಮಟ್ಟಿಗೆ ಕಾರಣವು ನೀರಿನ ಅಭಾವವಲ್ಲ, ಒತ್ತಡದ ಏರುಪೇರು.

ತೊಟ್ಟಿಯು ದೊಡ್ಡದಾದಷ್ಟೂ ಒತ್ತಡವು ಹೆಚ್ಚುವುದೆಂಬ ಭಾವನೆಯು ಅನೇಕರಲ್ಲಿರುವುದು. ಇದು ಸರಿಯಲ್ಲ. ನಿಂತ ನೀರಿನ ಒತ್ತಡವು ಅದರ ಎತ್ತರವನ್ನು ಮಾತ್ರ ಅವಲಂಬಿಸಿರುವುದು. ೧೦ ಮೀಟರು, ಎಂದರೆ ಸುಮಾರು ೩೩ ಅಡಿ ಎತ್ತರದ ನೀರು ಚದರ ಸೆಂಟಿಮೀಟರಿಗೆ ೧ ಕಿಲೋಗ್ರಾಂ ಒತ್ತಡವನ್ನು ಕೊಡುವುದು. ೨೦೦ ಲೀಟರಿನ ಪೀಪಾಯಿಯಾಗಲಿ, ೨,೦೦೦ ಲೀಟರಿನ ತೊಟ್ಟಿಯಾಗಲಿ, ನೀರಿನ ಮಟ್ಟವು ಒಂದೇ ಎತ್ತರದಲ್ಲಿದ್ದರೆ ಒತ್ತಡವೂ ಒಂದೇ.

ಸಾಧಾರಣ ಡ್ರಿಪ್ಪರುಗಳ ಮೇಲೆ ಗಂಟೆಗೆ ೪ ಲೀಟರು ಎಂದು ನಮೂದಿಸಿರುವುದು ಸಾಮಾನ್ಯವಾಗಿ ೧ ಕಿಲೋಗ್ರಾಂ ಒತ್ತಡಕ್ಕೆ ಸಂಬಂಧಿಸಿದ ಲೆಕ್ಕ. ಒತ್ತಡವು ಕಾಲುಭಾಗಕ್ಕೆ ಇಳಿದರೆ ಹರಿವು ಅರ್ಧಕ್ಕೆ ಇಳಿಯುವುದು. ತಾರಸಿಯ ತೊಟ್ಟಿಯ ನೀರು ತೋಟಕ್ಕಿಂತ ೫ ಮೀಟರು ಮೇಲಿದ್ದರೆ ಇದೇ ಡ್ರಿಪ್ಪರು ಗಂಟೆಗೆ ಸುಮಾರು ೨.೮ ಲೀಟರನ್ನೂ, ೨.೫ ಮೀಟರು ಮೇಲಿದ್ದರೆ ೨ ಲೀಟರನ್ನೂ ಕೊಡುವುದು. ಆದುದರಿಂದ ಗಿಡವೊಂದಕ್ಕೆ ೮ ಲೀಟರು ಬೇಕಾದರೆ ಮೊದಲಿನ ಸಂದರ್ಭದಲ್ಲಿ ೨ ಗಂಟೆಗೆ ಬದಲಾಗಿ ಹೆಚ್ಚುಕಡಮೆ ೩ ಗಂಟೆಯೂ, ಎರಡನೆಯದರಲ್ಲಿ ೪ ಗಂಟೆಯೂ ಬೇಕು. ಎತ್ತರವನ್ನು ಅಳೆಯದೆ ಹೊತ್ತನ್ನು ಗೊತ್ತುಪಡಿಸುವುದು ನಿರರ್ಥಕ.

ನೀರು ಹರಿಯತೊಡಗಿದೊಡನೆ ಕೊಳವೆಯ ಒಳಮೈಯ ಘರ್ಷಣೆಯಿಂದ ಒತ್ತಡವು ಕುಗ್ಗುತ್ತ ಹೋಗುವುದು. ಅದೇ ಹರಿವನ್ನು ಅರ್ಧ ವ್ಯಾಸದ ಕೊಳವೆಯಲ್ಲಿ ಸಾಗಿಸಿದರೆ ಈ ನಷ್ಟವು ಸುಮಾರು ೩೦ ಮಡಿಯಾಗುವುದು. ಕೊಳವೆಯ ಬೆಲೆಯಲ್ಲಿ ಉಳಿಸಹೋಗಿ ಬೆಳೆಯಲ್ಲಿ ಕಳೆದುಕೊಳ್ಳುವುದೆಂದರೆ ಇದೇ. ತೊಟ್ಟಿಯಿಂದ ತೋಟದವರೆಗಿನ ಮುಖ್ಯ ಕೊಳವೆಯು ಅಗಲವಾಗಿಯೂ, ಗಿಡದ ಸಾಲಿನ ಕೊಳವೆಗಳು ಗಿಡ್ಡವಾಗಿಯೂ ಇರತಕ್ಕದ್ದು. ಮುಖ್ಯ ಕೊಳವೆಯನ್ನು ತೋಟದ ನಡುವೆ ಹಾಯಿಸಿ ಎರಡು ಪಕ್ಕಕ್ಕೂ ಸಾಲುಗಳನ್ನು ಬಿಡುವುದು ಉತ್ತಮ. ತೋಟವನ್ನು ಎರಡು ಮೂರು ಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ವಾಲ್ವನ್ನು ಕೂಡಿಸಿ, ಸರದಿಯಂತೆ ನೀರು ಬಿಟ್ಟರೆ ಮುಖ್ಯ ಕೊಳವೆಯಲ್ಲಿನ ನಷ್ಟವು ಬಹಳ ಕಡಮೆಯಾಗುವುದು.

ಇಳಿಜಾರಿನ ಹಿತ್ತಿಲಿನಲ್ಲಿ ಪ್ರತಿ ಮೀಟರು ಇಳಿತಕ್ಕೂ ಒತ್ತಡವು ಕಿಲೋಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ಹೆಚ್ಚುವುದು. ತೊಟ್ಟಿಯ ಎತ್ತರವು ಅಲ್ಪವಾದಲ್ಲಿ ಈ ವ್ಯತ್ಯಾಸವು ಗಣನೀಯವಾದುದು. ಆದುದರಿಂದ ಸಾಲುಗಳನ್ನು ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದಲ್ಲಿ ಹಾಯಿಸತಕ್ಕದ್ದು. ಒತ್ತಡವನ್ನು ತಾವಾಗಿಯೇ ಸರಿದೂಗಿಸುವ ಡ್ರಿಪ್ಪರುಗಳೂ ದೊರೆಯುವುವು. ಆದರೆ ಅವುಗಳೊಳಗಿನ ರಬ್ಬರಿನ ಪೊರೆಯು ಕೆಲಸಮಾಡಲು ನಿಯತವಾದ ಕನಿಷ್ಠ ಒತ್ತಡವು ಅವಶ್ಯಕ. ತಗ್ಗಿನ ತೊಟ್ಟಿಗೆ ಅವನ್ನು ಕೊಳ್ಳುವುದು ದಂಡ.

ಪಂಪಿನಿಂದ ನೇರವಾಗಿ ನೀರು ಬಿಡುವವರಿಗೆ ಒತ್ತಡದ ಆಧಿಕ್ಯವೇ ತೊಂದರೆಯನ್ನುಂಟುಮಾಡುವುದು. ವಿದ್ಯುತ್ತು ಬಂದಾಗ, ಅದೂ ರಾತ್ರಿಯ ವೇಳೆ, ಪಂಪು ತಾನಾಗಿ ಹೊರಟು ಕೀಲುಗಳು ಕಳಚಿದರೆ ಬೆಳಗಾಗುವವರೆಗೂ ನೀರು ಪೋಲಾಗುವುದು. ಪಂಪಿನ ಬಳಿ ಕವಲು ಕೊಳವೆಯನ್ನೂ ವಾಲ್ವನ್ನೂ ಇರಿಸಿ, ಹೆಚ್ಚಿನ ನೀರನ್ನು ತೊಟ್ಟಿಗೆ ಮರಳಿಸತಕ್ಕದ್ದು. ಫಿಲ್ಟರಿನ ಹಿಂದೆ ಮುಂದೆ ಒತ್ತಡದ ಗೇಜುಗಳಿದ್ದು, ಅವುಗಳ ನಡುವೆ ಅರ್ಧ ಕಿಲೋಗ್ರಾಮಿಗಿಂತ ಹೆಚ್ಚು ಅಂತರ ಕಂಡುಬಂದರೆ ಫಿಲ್ಟರು ಕಟ್ಟಿದೆಯೆಂದು ತಿಳಿದು ತೊಳೆಯಬೇಕು. ತೊಟ್ಟಿಯಿಂದ ನೀರು ಬಿಡುವವರು ವಾರಕ್ಕೊಮ್ಮೆ ಫಿಲ್ಟರನ್ನು ತೊಳೆದು, ಸಾಲಿನ ಕೊನೆಯನ್ನು ಬಿಚ್ಚಿ ಕೆಸರನ್ನು ಹೊರಬಿಡುವುದು ಒಳ್ಳೆಯದು.

ಎಲ್ಲವೂ ಸರಿಯಾಗಿದೆಯೇ ಎಂಬುದನ್ನು ತಿಳಿಯಲು ಬೆಲೆಯುಳ್ಳ ಉಪಕರಣವೇನೂ ಬೇಡ. ಮೊದಲಿನ ಮತ್ತು ಕೊನೆಯ ಡ್ರಿಪ್ಪರುಗಳ ಕೆಳಗೆ ಒಂದೊಂದು ಪಾತ್ರೆಯನ್ನಿಟ್ಟು, ೧೫ ನಿಮಿಷಗಳ ತರುವಾಯ ಅಳೆದು ನೋಡುವುದು. ಕೊನೆಯದರಲ್ಲಿ ಮೊದಲಿನದರ ಹತ್ತರಲ್ಲಿ ಒಂಬತ್ತು ಪಾಲಾದರೂ ಇದ್ದರೆ ಏರ್ಪಾಡು ತೃಪ್ತಿಕರ. ಅದಕ್ಕಿಂತ ಕಡಮೆಯಾದರೆ ಮೊದಲು ಫಿಲ್ಟರನ್ನೂ, ಬಳಿಕ ಸಾಲಿನ ಉದ್ದವನ್ನೂ, ಕಡೆಗೆ ಮುಖ್ಯ ಕೊಳವೆಯ ಅಗಲವನ್ನೂ ಪರೀಕ್ಷಿಸತಕ್ಕದ್ದು. ಗ್ರಾಮದ ಮುಖಂಡರೂ ಜಮೀನುದಾರರೂ ಈ ಪರೀಕ್ಷೆಯನ್ನು ತಮ್ಮ ಹಿತ್ತಿಲಿನಲ್ಲಿಯೇ ನಡೆಸಿ ನೆರೆಹೊರೆಯವರಿಗೆ ತೋರಿಸಿದರೆ, ಉಳಿದವರು ಹೇಳಿಸಿಕೊಳ್ಳದೆಯೇ ಅನುಸರಿಸುವರು.