ದೋಣಿಯ ಮೈಮೇಲಿನ ಅರ್ಧ ಮಿಲಿಮೀಟರ್

ನೀಲಿ ಬಣ್ಣದ ಫೈಬರ್ ದೋಣಿ ಜೆಟ್ಟಿಯ ಅಂಚಿಗೆ ಉಜ್ಜಿ ಗೀರು ಬಿದ್ದರೆ ಆ ಗೀರು ಬೆಳ್ಳಗೆ ಕಾಣುತ್ತದೆ. ಬಣ್ಣವೇ ಕಿತ್ತುಹೋಯಿತು ಅನ್ನಿಸುತ್ತದೆ. ಅದರ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ ನೋಡಿ. ಗೀರು ಸಣ್ಣದಾಗಿದ್ದರೆ ಮಾಯವಾಗುತ್ತದೆ, ನೀರು ಆರಿದ ಮೇಲೆ ಮತ್ತೆ ಮೂಡುತ್ತದೆ. ಬಣ್ಣ ಅಲ್ಲಿಯೇ ಇದೆ. ನುಣುಪಾದ ಮೈ ಬೆಳಕನ್ನು ಒಂದೇ ದಿಕ್ಕಿಗೆ ಮರಳಿಸುತ್ತದೆ. ತರಚಿದ ಮೈ ಎಲ್ಲ ದಿಕ್ಕಿಗೂ ಚೆದುರಿಸುತ್ತದೆ. ಆ ಚೆದುರಿದ ಬೆಳಕೇ ನಮಗೆ ಬಿಳುಪಾಗಿ ಕಾಣುವುದು. ವಕ್ರೀಭವನ ಸೂಚ್ಯಂಕ ಗಾಳಿಗೆ 1, ನೀರಿಗೆ 1.33, ಪಾಲಿಯೆಸ್ಟರ್ ರಾಳಕ್ಕೆ ಸುಮಾರು 1.55. ಗೀರಿನೊಳಗಿನ ಗಾಳಿಯ ಜಾಗಕ್ಕೆ ನೀರು ಬಂದಾಗ ಈ ಅಂತರ ತಗ್ಗುತ್ತದೆ, ಚೆದುರುವುದೂ ಕಡಿಮೆಯಾಗುತ್ತದೆ. ನೀರು ಹಾಕಿದರೂ ಗೀರು ಉಳಿದರೆ, ಉಗುರು ಅದಕ್ಕೆ ಸಿಕ್ಕಿಕೊಂಡರೆ, ಅದು ಆಳದ ಗೀರು.

ಫೈಬರ್ ದೋಣಿಯನ್ನು ಹೊರಮೈಯಿಂದ ಒಳಮುಖವಾಗಿ ಕಟ್ಟುತ್ತಾರೆ. ಅಚ್ಚಿಗೆ ಮೇಣ ಸವರಿ, ಮೊದಲು ಬಣ್ಣ ಬೆರೆತ ರಾಳವನ್ನು ಬಳಿಯುತ್ತಾರೆ, ಇದೇ ಜೆಲ್‌ಕೋಟ್. ಅದು ಗಟ್ಟಿಯಾಗತೊಡಗಿದ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸಿ, ರಾಳದಲ್ಲಿ ನೆನೆಸಿ, ಪದರದ ಮೇಲೆ ಪದರ ಕೂರಿಸುತ್ತಾರೆ. ಕರಾವಳಿಯಲ್ಲಿ ಮರದ ಪಾತಿ ದೋಣಿಗಳ ಜಾಗಕ್ಕೆ ಬಂದ ಫೈಬರ್ ದೋಣಿಗಳ ಬಲವೆಲ್ಲ ಇರುವುದು ಆ ನಾರಿನಲ್ಲಿ. ಆದರೆ ಬಿಸಿಲಿಗೂ ಉಪ್ಪುನೀರಿಗೂ ಎದುರು ನಿಲ್ಲುವುದು ಜೆಲ್‌ಕೋಟ್. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಂದರೆ 500 ಮೈಕ್ರಾನ್. ಗೀರು ಅದನ್ನು ದಾಟಿ ನಾರನ್ನು ಮುಟ್ಟಿದರೆ ನೀರು ನಾರಿನ ಗುಂಟ ಒಳಕ್ಕೆ ಹರಿಯುತ್ತಾ ಹೋಗುತ್ತದೆ.

ಸಣ್ಣ ಗೀರನ್ನು ಅಳಿಸುವುದೆಂದರೆ ಅದರ ಸುತ್ತಲಿನ ಮೈಯನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುವುದು. ಮಸೆದಷ್ಟೂ ಕತ್ತಿ ಸವೆದಂತೆ, ಉಜ್ಜಿದಷ್ಟೂ ಜೆಲ್‌ಕೋಟ್ ತೆಳುವಾಗುತ್ತದೆ. ಹೀಗಾಗಿ ಕೆಲಸವಾಗುವ ಮಟ್ಟಿಗೆ ಅತಿ ನಯವಾದ ವಾಟರ್ ಪೇಪರಿನಿಂದಲೇ ಶುರುಮಾಡಬೇಕು. 800 ನಂಬರಿನ ಪೇಪರಿನ ಕಣ ಸುಮಾರು 22 ಮೈಕ್ರಾನ್, 2000ದ್ದು ಸುಮಾರು 10. ಪ್ರತಿ ಪೇಪರೂ ಹಿಂದಿನದು ಬಿಟ್ಟ ಗೀರುಗಳನ್ನು ತೆಗೆದು ಅವಕ್ಕಿಂತ ಸಣ್ಣ ಗೀರುಗಳನ್ನು ಬಿಡುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ 0.4ರಿಂದ 0.7 ಮೈಕ್ರಾನ್, ಉಳಿದ ಏರುತಗ್ಗು ಅದಕ್ಕಿಂತ ಬಹಳ ಚಿಕ್ಕದಾದಾಗ ಬೆಳಕು ಚೆದುರುವುದು ನಿಂತು ಹೊಳಪು ಬರುತ್ತದೆ. ಪೇಪರಿನಿಂದ ಅಷ್ಟು ದೂರ ಹೋಗಲಾಗದು, ಕೊನೆಗೆ ರಬ್ಬಿಂಗ್ ಕಾಂಪೌಂಡ್ ಬೇಕೇ ಬೇಕು. ನಂಬರು ಬದಲಿಸಿದಾಗಲೆಲ್ಲ ಉಜ್ಜುವ ದಿಕ್ಕನ್ನೂ ಅಡ್ಡಕ್ಕೆ ತಿರುಗಿಸಿದರೆ ಹಿಂದಿನ ಗೀರು ಉಳಿದಿದೆಯೇ ಎಂಬುದು ತಾನಾಗಿ ಕಾಣುತ್ತದೆ. ನೀರು ಹಾಕುತ್ತಲೇ ಉಜ್ಜಬೇಕು: ಪೇಪರ್ ಕಟ್ಟಿಕೊಳ್ಳುವುದಿಲ್ಲ, ದೂಳು ಉಸಿರಿಗೆ ಹೋಗುವುದಿಲ್ಲ. ಮೂಲೆ ಮತ್ತು ಅಂಚುಗಳಲ್ಲಿ ಕೈ ಹಗುರವಾಗಿರಲಿ. ಅಲ್ಲಿ ಒತ್ತಡವೆಲ್ಲ ಒಂದೇ ಗೆರೆಯ ಮೇಲೆ ಬಿದ್ದು ಜೆಲ್‌ಕೋಟ್ ಬೇಗ ಸವೆಯುತ್ತದೆ.

ಆಳದ ಗೀರನ್ನು ಜೆಲ್‌ಕೋಟ್ ಪೇಸ್ಟಿನಿಂದ ತುಂಬಬೇಕು. ಮೊದಲು ಸೋಪು ಮತ್ತು ಸಿಹಿನೀರಿನಲ್ಲಿ ತೊಳೆದು, ಅಸಿಟೋನ್‌ನಿಂದ ಹಳೆಯ ವ್ಯಾಕ್ಸ್ ಒರೆಸಿ. ಗೀರಿನ ಬಾಯಿಯನ್ನು ಇಂಗ್ಲಿಷಿನ ವಿ ಅಕ್ಷರದಂತೆ ಸ್ವಲ್ಪ ಅಗಲಿಸಿದರೆ ಪೇಸ್ಟ್ ತಳದವರೆಗೂ ಇಳಿಯುತ್ತದೆ, ಅಡಿಯಲ್ಲಿ ಗಾಳಿ ಸಿಕ್ಕಿಬೀಳುವುದಿಲ್ಲ. ಗಟ್ಟಿಯಾಗುವಾಗ ರಾಳ ಕುಗ್ಗುವುದರಿಂದ ತುಸು ಉಬ್ಬಿಸಿಯೇ ತುಂಬಬೇಕು.

ಮುಂದಿನ ರಸಾಯನಶಾಸ್ತ್ರ ನನಗೆ ಬಲು ಇಷ್ಟ. ಜೆಲ್‌ಕೋಟ್‌ಗೆ ಸಾಮಾನ್ಯವಾಗಿ ಶೇಕಡಾ 1ರಿಂದ 2ರಷ್ಟು ಎಂಇಕೆಪಿ ಎಂಬ ಪೆರಾಕ್ಸೈಡ್ ಬೆರೆಸುತ್ತಾರೆ. ಅದು ಒಡೆದು ಹುಟ್ಟುವ ಮುಕ್ತ ರ‍್ಯಾಡಿಕಲ್‌ಗಳು ಸ್ಟೈರೀನ್ ಮೂಲಕ ಪಾಲಿಯೆಸ್ಟರ್ ಸರಪಳಿಗಳನ್ನು ಒಂದಕ್ಕೊಂದು ಹೆಣೆಯುತ್ತವೆ. ಗಾಳಿಯ ಆಮ್ಲಜನಕ ಎದುರಿಗಿದ್ದರೆ ಆ ರ‍್ಯಾಡಿಕಲ್‌ಗಳು ಹೆಣಿಗೆಯನ್ನು ಬಿಟ್ಟು ಅದಕ್ಕೇ ಅಂಟಿಕೊಳ್ಳುತ್ತವೆ. ಒಳಗೆಲ್ಲ ಗಟ್ಟಿಯಾದರೂ ಮೇಲ್ಪದರ ಜಿಗುಟಾಗಿಯೇ ಉಳಿಯುತ್ತದೆ. ದೋಣಿ ಹುಟ್ಟುವಾಗ ಈ ತೊಂದರೆ ಇಲ್ಲ, ಹೊರಮೈ ಅಚ್ಚಿಗೆ ಅಂಟಿಕೊಂಡು ಗಾಳಿಯಿಂದ ಮರೆಯಾಗಿರುತ್ತದೆ. ರಿಪೇರಿಯಲ್ಲಿ ಆ ಮರೆಯನ್ನು ನಾವೇ ಕೊಡಬೇಕು. ಪೇಸ್ಟಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಎಳೆದು ಅಂಟಿಸಿದರೆ ಸಾಕು. ಕೆಲವು ಜೆಲ್‌ಕೋಟ್‌ಗಳಲ್ಲಿ ಮೇಣವನ್ನೇ ಬೆರೆಸಿರುತ್ತಾರೆ. ಅದು ಮೇಲಕ್ಕೆ ತೇಲಿಬಂದು ಮುಚ್ಚಳವಾಗುತ್ತದೆ.

ಎಂಇಕೆಪಿ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು ಇಲ್ಲದೆ ಅದರ ಬಾಟಲಿ ತೆರೆಯಲೇಬಾರದು. ಕೋಬಾಲ್ಟ್ ವೇಗವರ್ಧಕದೊಂದಿಗೆ ಅದನ್ನು ನೇರವಾಗಿ ಬೆರೆಸಿದರೆ ಸ್ಫೋಟವಾಗುತ್ತದೆ. ಎರಡೂ ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರಬಾರದು.

ತೇವವೂ ಈ ಕೆಲಸಕ್ಕೆ ಆಗದು. ನಮ್ಮ ಕರಾವಳಿಯಲ್ಲಿ ಜೂನ್ 1ಕ್ಕೆ ಯಾಂತ್ರೀಕೃತ ಮೀನುಗಾರಿಕೆ ನಿಂತು ದೋಣಿಗಳು ಬಿಡುವಾಗುತ್ತವೆ, ಆದರೆ ಆಗಲೇ ಮಳೆ ಹಿಡಿಯುತ್ತದೆ. ಮೇ ತಿಂಗಳ ಒಣ ಬೆಳಗುಗಳೇ ಮೇಲು, ಅದೂ ನೆರಳಿನಲ್ಲಿ. ಕಾದ ಮೈಮೇಲೆ ಪೇಸ್ಟ್ ಹರಡುವ ಮುನ್ನವೇ ಗಟ್ಟಿಯಾಗುತ್ತದೆ. ಬಣ್ಣ ಹೊಂದಿಸುವುದು ಮಾತ್ರ ಪಳಗಿದ ಕೈಗೂ ಕಷ್ಟ, ಏಕೆಂದರೆ ಹಳೆಯ ದೋಣಿಯ ಬಿಳುಪು ಡಬ್ಬಿಯ ಬಿಳುಪಾಗಿ ಉಳಿದಿರುವುದಿಲ್ಲ.

ಒಂದು ಬಗೆಯ ಗೆರೆಗೆ ಮಾತ್ರ ಪೇಪರನ್ನೂ ಪೇಸ್ಟನ್ನೂ ಮುಟ್ಟಿಸಬೇಡಿ. ಒಂದು ಬಿಂದುವಿನಿಂದ ನಕ್ಷತ್ರದಂತೆ ಸುತ್ತಲೂ ಹರಡಿದ ಕೂದಲೆಳೆಯ ಬಿರುಕುಗಳು ಹೊರಗಿನ ಉಜ್ಜುವಿಕೆಯಿಂದ ಬಂದವಲ್ಲ. ಪೆಟ್ಟು ಬಿದ್ದೋ, ಒಳಗಿನ ಪದರ ದುರ್ಬಲವಾಗಿಯೋ ದೋಣಿಯ ಮೈ ಬಾಗುತ್ತಿದೆ. ನಾರಿಲ್ಲದ ಜೆಲ್‌ಕೋಟ್ ಅಷ್ಟು ಬಾಗಲಾರದೆ ಸೀಳಿದೆ. ತುಂಬಿದ ಪೇಸ್ಟೂ ಹಾಗೆಯೇ ಸೀಳುತ್ತದೆ. ಒಳಗಿನಿಂದ ತಟ್ಟಿ, ಟೊಳ್ಳು ಸದ್ದು ಬರುವ ಜಾಗ ಗುರುತಿಸಿ, ಅಲ್ಲಿ ಮ್ಯಾಟ್ ಹಾಕಿ ಗಟ್ಟಿಮಾಡಿದ ಮೇಲಷ್ಟೇ ಹೊರಮೈಗೆ ಕೈಹಾಕಬೇಕು.